ಆಟದ ಕಥೆಯಲ್ಲಿ ಸಲಿಂಗ ಪ್ರೇಮ

ಕಥೆಯೇ ಮುಖ್ಯವಾಗಿರುವ ರೋಲ್ ಪ್ಲೇಯಿಂಗ್ ಗೇಮ್‌ಗಳಲ್ಲಿ ಆಡುವವರು ಮೊದಲು ತಮ್ಮ ಪಾತ್ರವನ್ನು ಕಟ್ಟಿಕೊಳ್ಳಬೇಕು. ಪಾತ್ರ ಗಂಡೋ ಹೆಣ್ಣೋ, ಮೈಬಣ್ಣ ಯಾವುದು, ಕತ್ತಿ ಹಿಡಿಯುವುದೋ ಮಂತ್ರ ಹಾಕುವುದೋ ಎಂಬುದೆಲ್ಲ ಅಲ್ಲೇ ತೀರ್ಮಾನವಾಗುತ್ತದೆ. ಆಮೇಲೆ ಕಥೆ ಶುರು. ದಾರಿಯಲ್ಲಿ ಒಬ್ಬೊಬ್ಬರಾಗಿ ಜೊತೆಗಾರರು ಸೇರುತ್ತಾರೆ; ಅವರನ್ನು ನಡೆಸುವುದು ಕಂಪ್ಯೂಟರ್, ಅವರ ಮಾತು ಬರೆದವರು ಕಂಪನಿಯ ಲೇಖಕರು. ಅವರೊಡನೆ ಮಾತಿಗಿಳಿದರೆ ಪರದೆಯ ಮೇಲೆ ಮೂರೋ ನಾಲ್ಕೋ ಉತ್ತರಗಳು ಮೂಡುತ್ತವೆ. ಆರಿಸಿದ ಉತ್ತರಕ್ಕೆ ತಕ್ಕಂತೆ ಜೊತೆಗಾರ ಮುನಿಸಿಕೊಳ್ಳಬಹುದು, ಹತ್ತಿರವಾಗಬಹುದು. ಕೆಲವರೊಡನೆ ಮಾತು ಸಲಿಗೆಗೆ, ಸಲಿಗೆ ಒಲವಿಗೆ ತಿರುಗುತ್ತದೆ. ಆಡುವವರು ಇದನ್ನು ‘ರೊಮಾನ್ಸ್’ ಎನ್ನುತ್ತಾರೆ. ಗಂಡು ಪಾತ್ರ ಗಂಡನ್ನೇ, ಹೆಣ್ಣು ಪಾತ್ರ ಹೆಣ್ಣನ್ನೇ ಒಲಿಯಲು ಕಥೆ ಬಿಡುತ್ತದೆಯೇ ಎಂಬುದು ಇಪ್ಪತ್ತೈದು ವರ್ಷಗಳಿಂದ ಗೇಮ್ ಉದ್ಯಮವನ್ನು ಕಾಡಿರುವ ಪ್ರಶ್ನೆ.

ಪ್ರೋಗ್ರಾಂ ಬರೆಯುವವರ ಕಣ್ಣಿನಿಂದ ನೋಡಿದರೆ ಇದು ಬಹಳ ಸಣ್ಣ ಸಂಗತಿ. ಒಬ್ಬ ಜೊತೆಗಾರ ಎಷ್ಟು ಹತ್ತಿರವಾಗಿದ್ದಾನೆ ಎಂಬುದಕ್ಕೆ ಒಳಗೊಂದು ಅಂಕಿ ಇರುತ್ತದೆ. ಆ ಅಂಕಿ ಇಷ್ಟು ದಾಟಿದರೆ, ಮತ್ತು ಆಡುವವರ ಪಾತ್ರ ಇಂಥ ಲಿಂಗದ್ದಾಗಿದ್ದರೆ, ಪ್ರೇಮದ ಸಾಲು ಪರದೆಗೆ ಬರುತ್ತದೆ. ಎರಡನೆಯ ಶರತ್ತನ್ನು ಅಳಿಸಿಬಿಟ್ಟರೆ ಬಾಗಿಲು ಎಲ್ಲರಿಗೂ ತೆರೆದಂತೆ. ಖರ್ಚು ಬೀಳುವುದು ಬೇರೆ ಕಡೆ. ಪಾತ್ರಗಳೆಲ್ಲ ಬಾಯಿಬಿಟ್ಟು ಮಾತಾಡುವ ಗೇಮ್‌ಗಳಲ್ಲಿ ಪ್ರತಿ ಸಾಲನ್ನೂ ಕಲಾವಿದರು ಸ್ಟುಡಿಯೋದಲ್ಲಿ ಕೂತು ಹೇಳಬೇಕು. ನಾಯಕನಿಗೊಂದು ದನಿ, ನಾಯಕಿಗೊಂದು ದನಿ. ಗಂಡಿನ ದನಿಯಲ್ಲಿ ಮಾತ್ರ ಮುದ್ರಿಸಿದ ಪ್ರೇಮದೃಶ್ಯವನ್ನು ಹೆಣ್ಣು ಪಾತ್ರಕ್ಕೂ ತೆರೆಯಬೇಕೆಂದರೆ ಕಲಾವಿದೆಯನ್ನು ಮತ್ತೆ ಕರೆಸಬೇಕು. ಗೇಮ್ ಮೂರು ಭಾಷೆಯಲ್ಲಿದ್ದರೆ ಮೂರು ಸಲ. ‘ಈಗ ಆಗದು, ಆಮೇಲೆ ನೋಡೋಣ’ ಎನ್ನುವ ಕಂಪನಿಗಳ ಮಾತಿಗೆ ಇದು ಅರ್ಧ ಕಾರಣ. ಉಳಿದರ್ಧ ಅಂಜಿಕೆ.

ಆರಂಭದ ಉದಾಹರಣೆಗಳು ಯಾರೂ ದೊಡ್ಡದು ಮಾಡದೆ ಬಂದುಹೋದಂಥವು. 1998ರ ‘ಫಾಲ್‌ಔಟ್ 2’ರಲ್ಲಿ ಮೊಡಾಕ್ ಎಂಬ ಹಳ್ಳಿಯಿದೆ. ಅಲ್ಲಿನ ಕಟುಕನ ಮಗನ ಜೊತೆಗೋ ಮಗಳ ಜೊತೆಗೋ ಸಿಕ್ಕಿಬಿದ್ದರೆ ತಂದೆ ಬಂದೂಕು ಹಿಡಿದು ಮದುವೆ ಮಾಡಿಸುತ್ತಾನೆ. ನಾಯಕ ಗಂಡೋ ಹೆಣ್ಣೋ ಎಂದು ಅವನು ಲೆಕ್ಕ ಹಾಕುವುದಿಲ್ಲ. ಗೇಮ್‌ಗಳ ಇತಿಹಾಸ ಬರೆಯುವವರು ಮೊದಲ ಸಲಿಂಗ ವಿವಾಹ ಎಂದು ಗುರುತಿಸುವುದು ಈ ತಮಾಷೆಯ ಪ್ರಸಂಗವನ್ನೇ. 2000ರಲ್ಲಿ ಬಂದ ‘ದ ಸಿಮ್ಸ್’ ಕಥೆ ಇನ್ನೂ ಸ್ವಾರಸ್ಯಕರ. ಅದನ್ನು ರೂಪಿಸುತ್ತಿದ್ದ ತಂಡ ಸಲಿಂಗ ಸಂಬಂಧ ಬೇಡವೆಂದು ಒಳಗೊಳಗೇ ತೀರ್ಮಾನಿಸಿತ್ತು. ಹೊಸದಾಗಿ ಸೇರಿದ ಪ್ರೋಗ್ರಾಮರ್ ಪ್ಯಾಟ್ರಿಕ್ ಬ್ಯಾರೆಟ್‌ಗೆ ಇದು ತಿಳಿಯಲಿಲ್ಲ. ಅವನ ಕೈಗೆ ಸಿಕ್ಕಿದ್ದು ಹಳೆಯ ವಿನ್ಯಾಸದ ಕಡತ. ಅದರಲ್ಲಿದ್ದಂತೆಯೇ ಬರೆದುಬಿಟ್ಟ. 1999ರ ಇ3 ಪ್ರದರ್ಶನದಲ್ಲಿ ಪತ್ರಕರ್ತರ ಎದುರು ಒಂದು ಮದುವೆಮನೆಯ ದೃಶ್ಯ ಓಡುತ್ತಿದ್ದಾಗ, ಯಾರೂ ಹೇಳಿಕೊಡದೆ, ಅತಿಥಿಗಳ ಸಾಲಿನ ಇಬ್ಬರು ಹೆಂಗಸರು ಮುತ್ತಿಟ್ಟುಕೊಂಡರು. ಗೇಮ್‌ಗೆ ಬೇಕಿದ್ದ ಪ್ರಚಾರ ಅಲ್ಲಿಂದಲೇ ಸಿಕ್ಕಿತು. ಸಲಿಂಗ ಸಂಬಂಧದ ಆಯ್ಕೆಯೂ ಉಳಿಯಿತು.

ಯೋಚಿಸಿ, ಬರೆದು, ಕಥೆಯ ಭಾಗವಾಗಿಯೇ ಇಂಥ ಪ್ರೇಮವನ್ನು ತಂದವರಲ್ಲಿ ಕೆನಡಾದ ಬಯೋವೇರ್ ಮುಂದಿದೆ. 2003ರ ‘ನೈಟ್ಸ್ ಆಫ್ ದ ಓಲ್ಡ್ ರಿಪಬ್ಲಿಕ್’ನಲ್ಲಿ ಜುಹಾನಿ ಎಂಬ ಪಾತ್ರದ ಒಲವು ಸುಳಿವಿನ ಮಟ್ಟದಲ್ಲಿತ್ತು. 2005ರ ‘ಜೇಡ್ ಎಂಪೈರ್’ನಲ್ಲಿ ಅದು ನೇರವಾಯಿತು. 2007ರ ‘ಮಾಸ್ ಎಫೆಕ್ಟ್’ನಲ್ಲಿ ನಾಯಕಿಯೂ ಲಿಯಾರಾ ಎಂಬ ಅನ್ಯಗ್ರಹದ ಹೆಣ್ಣೂ ಹತ್ತಿರವಾಗುವ ದೃಶ್ಯವಿದೆ ಎಂದು ಸಿಂಗಪುರ ಗೇಮನ್ನೇ ನಿಷೇಧಿಸಿತು. ಕೆಲವೇ ದಿನಗಳಲ್ಲಿ ಮನಸ್ಸು ಬದಲಿಸಿ, ಹದಿನೆಂಟು ದಾಟಿದವರಿಗೆ ಮಾತ್ರ ಎಂಬ ಮುದ್ರೆಯೊತ್ತಿ ಬಿಡುಗಡೆ ಮಾಡಿತು. 2011ರ ‘ಡ್ರ್ಯಾಗನ್ ಏಜ್ 2’ರಲ್ಲಿ ಆಂಡರ್ಸ್, ಫೆನ್ರಿಸ್, ಇಸಬೆಲಾ, ಮೆರಿಲ್ ನಾಲ್ವರೂ ನಾಯಕನಿಗೂ ಒಲಿಯಬಲ್ಲರು, ನಾಯಕಿಗೂ ಒಲಿಯಬಲ್ಲರು. ಇದು ಹೆಣ್ಣನ್ನೇ ಒಲಿಯುವ ತಮ್ಮಂಥ ಗಂಡಸರನ್ನು ಕಡೆಗಣಿಸಿದಂತೆ ಎಂದು ಒಬ್ಬ ಆಟಗಾರ ದೂರಿದಾಗ ಮುಖ್ಯ ಲೇಖಕ ಡೇವಿಡ್ ಗೇಡರ್, ಪ್ರೇಮಕಥೆಗಳು ಒಂದು ವರ್ಗಕ್ಕಾಗಿ ಬರೆದವಲ್ಲ, ಆಡುವ ಎಲ್ಲರಿಗಾಗಿ ಬರೆದವು ಎಂಬ ಅರ್ಥದ ಉತ್ತರ ಕೊಟ್ಟದ್ದು ಆಗ ದೊಡ್ಡ ಸುದ್ದಿಯಾಯಿತು.

ಹೀಗೆ ಹೆಸರು ಮಾಡಿದ ಕಂಪನಿಯೇ ಆನ್‌ಲೈನ್ ಗೇಮ್‌ಗೆ ಕೈಹಾಕಿದಾಗ ಹಿಂದೇಟು ಹೊಡೆಯಿತು. 2011ರ ಡಿಸೆಂಬರ್ 20ರಂದು ಬಂದ ‘ಸ್ಟಾರ್ ವಾರ್ಸ್: ದ ಓಲ್ಡ್ ರಿಪಬ್ಲಿಕ್’ ಸಾವಿರಾರು ಜನ ಒಂದೇ ಲೋಕದಲ್ಲಿ ಏಕಕಾಲಕ್ಕೆ ಆಡುವ ಗೇಮ್. ಆದರೂ ಪ್ರತಿಯೊಬ್ಬರಿಗೂ ಅವರದೇ ಕಥೆ. ಎಂಟು ವರ್ಗದ ನಾಯಕರು, ಎಂಟು ಪ್ರತ್ಯೇಕ ಕಥೆಗಳು, ಹೆಣ್ಣು ಗಂಡು ಸೇರಿ ನಾಯಕಪಾತ್ರಗಳಿಗೇ ಹದಿನಾರು ದನಿಗಳು. ಮುದ್ರಿಸಿದ ಸಂಭಾಷಣೆ ಎರಡು ಲಕ್ಷ ಸಾಲುಗಳಿಗೂ ಮೇಲು. ಗಿನ್ನೆಸ್ ದಾಖಲೆಗೂ ಸೇರಿತು. ಇಷ್ಟೆಲ್ಲ ಇಂಗ್ಲಿಷ್, ಫ್ರೆಂಚ್, ಜರ್ಮನ್ ಮೂರರಲ್ಲೂ. ಇಷ್ಟು ಮಾತಿನ ನಡುವೆ ಒಂದು ಸಲಿಂಗ ಪ್ರೇಮಕ್ಕೂ ಜಾಗ ಇರಲಿಲ್ಲ. ಗೇಮ್ ಬಿಡುಗಡೆಗೆ ಕೆಲವು ತಿಂಗಳು ಮೊದಲು ಕಂಪನಿ ಹೇಳಿದ್ದು, ಅದು ಮುಂದೆ ಬರುತ್ತದೆ ಎಂದು.

ಬಂದದ್ದು 2013ರ ಏಪ್ರಿಲ್‌ನಲ್ಲಿ, ‘ರೈಸ್ ಆಫ್ ದ ಹಟ್ ಕಾರ್ಟೆಲ್’ ಎಂಬ ಮೊದಲ ವಿಸ್ತರಣೆಯ ಜೊತೆಗೆ. ಆ ವರ್ಷದ ಜನವರಿಯಲ್ಲೇ ನಿರ್ಮಾಪಕ ಜೆಫ್ ಹಿಕ್‌ಮನ್, ತಡವಾದದ್ದಕ್ಕೆ ಕ್ಷಮೆ ಕೇಳುತ್ತಲೇ ಸುದ್ದಿ ತಿಳಿಸಿದ್ದರು. ಕಾದಿದ್ದವರ ಪಾಲಿಗೆ ಸಿಕ್ಕಿದ್ದು ಮಾತ್ರ ಅಷ್ಟಕ್ಕಷ್ಟೆ. ವಿಸ್ತರಣೆಯನ್ನು ಆಗ ಬೇರೆಯಾಗಿ ಕೊಳ್ಳಬೇಕಿತ್ತು: ಚಂದಾದಾರರಿಗೆ ಸುಮಾರು 10 ಡಾಲರ್, ಉಳಿದವರಿಗೆ 20. ಅದರ ಕಥೆ ನಡೆಯುವ ಮೇಕೆಬ್ ಗ್ರಹಕ್ಕೆ ಹೋಗಲು ಪಾತ್ರ ಐವತ್ತರ ಆಸುಪಾಸಿನ ಮಟ್ಟ ಮುಟ್ಟಿರಬೇಕಿತ್ತು, ಎಂದರೆ ಮೂಲ ಕಥೆ ಬಹುಮಟ್ಟಿಗೆ ಮುಗಿದಿರಬೇಕಿತ್ತು. ಅಷ್ಟು ದೂರ ಹೋದ ಮೇಲೆ ಗೇಮ್‌ನ ಎರಡು ಬಣಗಳಲ್ಲಿ ಒಂದರವರಿಗೆ ಒಬ್ಬ ಗಂಡಸಿನ ಜೊತೆ, ಇನ್ನೊಂದರವರಿಗೆ ಒಬ್ಬ ಮಹಿಳೆಯ ಜೊತೆ, ನಾಲ್ಕಾರು ಸರಸದ ಮಾತು. ಅಲ್ಲಿಗೆ ಮುಗಿಯಿತು. ಊರೂರು ಸುತ್ತಿ ಜೊತೆಯಲ್ಲೇ ಇರುವ ಒಡನಾಡಿಗಳೊಡನೆ ಒಲವು ಬೆಳೆಸುವ ದಾರಿ ಹಿಂದಿನಂತೆಯೇ ಮುಚ್ಚಿತ್ತು. ಎಲ್ಲರನ್ನೂ ಒಂದು ಗ್ರಹಕ್ಕೆ ಸಾಗಹಾಕಿದ್ದಾರೆ ಎಂದು ಆಡುವವರು ಗೇಲಿ ಮಾಡಿದರು. ಆ ಗ್ರಹವೋ, ಕಥೆಯ ಪ್ರಕಾರವೇ, ಒಡೆದು ಚೂರಾಗುವ ಹಂತದಲ್ಲಿದ್ದ ಗ್ರಹ. ಇತ್ತ ಅಮೆರಿಕದ ಕೆಲವು ಧಾರ್ಮಿಕ ಸಂಘಟನೆಗಳು, ಅದು ಬರಲಿದೆ ಎಂಬ ಮಾತನ್ನೂ ಸಹಿಸದೆ, ಮೊದಲೇ ಕಂಪನಿಗೆ ಪತ್ರ ಬರೆಯುವ ಚಳವಳಿ ನಡೆಸಿದ್ದವು. ಎರಡೂ ಕಡೆಯವರನ್ನು ಮುನಿಸಿಕೊಳ್ಳುವಂತೆ ಮಾಡುವುದು ಅರೆಮನಸ್ಸಿನ ಕೆಲಸಕ್ಕೆ ಮಾತ್ರ ಸಾಧ್ಯ.

ಸರಿಯಾದ ರೂಪ ಬರಲು ಇನ್ನೂ ಸಮಯ ಹಿಡಿಯಿತು. 2014ರ ಡಿಸೆಂಬರ್‌ನ ‘ಶ್ಯಾಡೋ ಆಫ್ ರೆವನ್’ ವಿಸ್ತರಣೆಯಲ್ಲಿ ಲಾನಾ ಬೆನಿಕೋ, ಥೆರಾನ್ ಶಾನ್ ಎಂಬ ಇಬ್ಬರು ಯಾವ ಲಿಂಗದ ನಾಯಕರೊಡನೆಯೂ ಸರಸಕ್ಕೆ ಒಲಿದರು. 2015ರ ಅಕ್ಟೋಬರ್‌ನ ‘ನೈಟ್ಸ್ ಆಫ್ ದ ಫಾಲನ್ ಎಂಪೈರ್’ನಲ್ಲಿ ಅದೇ ಇಬ್ಬರು, ಜೊತೆಗೆ ಕಾಥ್ ಎಂಬ ಪೈಲಟ್, ಪೂರ್ಣಪ್ರಮಾಣದ ಪ್ರೇಮಕಥೆಯ ಪಾತ್ರಗಳಾದರು. ಗೇಮ್ ಬಂದು ಆಗ ನಾಲ್ಕು ವರ್ಷ ತುಂಬುತ್ತಿತ್ತು. ಹೆಚ್ಚು ಗಮನಿಸಬೇಕಾದ್ದು ಲಾನಾಳ ಕಥೆಯನ್ನು ಬರೆದ ರೀತಿ. ಅವಳು ಪ್ರೇಮಕ್ಕಾಗಿ ಹುಟ್ಟಿದ ಪಾತ್ರವಲ್ಲ. ರಾಜಕೀಯ ಬಲ್ಲ, ತಣ್ಣನೆಯ ತಲೆಯ ಸಲಹೆಗಾರ್ತಿಯಾಗಿ ಅವಳು ಮೊದಲೇ ಕಥೆಯಲ್ಲಿದ್ದಳು. ಒಲವು ಆ ನಂಬಿಕೆಯ ಮೇಲೆ ಬೆಳೆಯಿತು. ಮೇಕೆಬ್‌ನಲ್ಲಿ ಇಲ್ಲದೆ ಹೋದದ್ದು ಈ ತಳಪಾಯವೇ.

ಆನ್‌ಲೈನ್ ಗೇಮ್‌ಗಳಲ್ಲಿ ಈ ಪ್ರಶ್ನೆ ಒಂಟಿಯಾಗಿ ಆಡುವ ಗೇಮ್‌ಗಳಿಗಿಂತ ಹೆಚ್ಚು ತೂಗುವುದಕ್ಕೆ ಕಾರಣವಿದೆ. ಒಂಟಿ ಗೇಮ್ ಐವತ್ತೋ ನೂರೋ ಗಂಟೆಗೆ ಮುಗಿಯುತ್ತದೆ. ಆನ್‌ಲೈನ್ ಪಾತ್ರವನ್ನು ಜನ ವರ್ಷಗಟ್ಟಲೆ ಸಾಕುತ್ತಾರೆ, ಅದೇ ಹೆಸರಿನಲ್ಲಿ ಗೆಳೆಯರಿಗೆ ಪರಿಚಿತರಾಗಿರುತ್ತಾರೆ, ತಿಂಗಳು ತಿಂಗಳು ದುಡ್ಡೂ ಕಟ್ಟುತ್ತಾರೆ. ಪಕ್ಕದಲ್ಲಿ ಆಡುವವರೂ ನಿಜ ಮನುಷ್ಯರೇ. 2006ರಲ್ಲಿ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಗೇಮ್‌ನಲ್ಲಿ ಸಲಿಂಗಿಗಳಿಗೂ ಸ್ವಾಗತ ಎಂದು ಸಾರಿ ತಂಡ ಕಟ್ಟಹೊರಟ ಆಟಗಾರ್ತಿಯೊಬ್ಬಳಿಗೆ ಬ್ಲಿಝರ್ಡ್ ಕಂಪನಿ ಎಚ್ಚರಿಕೆ ಕೊಟ್ಟಿತು. ಅದಕ್ಕೆ ಬಳಸಿದ್ದು ಕಿರುಕುಳ ತಡೆಯುವ ನಿಯಮವನ್ನೇ! ಗದ್ದಲವೆದ್ದ ಮೇಲೆ ಕ್ಷಮೆ ಕೇಳಿತು.

ಮದುವೆಯ ವಿಚಾರದಲ್ಲಿ ಕೆಲವು ಗೇಮ್‌ಗಳು ಗೊಂದಲವಿಲ್ಲದೆ ನಡೆದುಕೊಂಡವು. 2014ರ ‘ಎಲ್ಡರ್ ಸ್ಕ್ರೋಲ್ಸ್ ಆನ್‌ಲೈನ್’ನಲ್ಲಿ ಮಾರಾ ದೇವಿಯ ಗುಡಿಯಲ್ಲಿ ಯಾವ ಇಬ್ಬರು ಆಟಗಾರರ ಪಾತ್ರಗಳೂ ಉಂಗುರ ಬದಲಿಸಿಕೊಳ್ಳಬಹುದು. ಉಂಗುರ ತೊಟ್ಟು ಜೊತೆಯಾಗಿ ಆಡಿದರೆ ಅನುಭವದ ಅಂಕ ಶೇ 10ರಷ್ಟು ಹೆಚ್ಚು. ಹಾಗಾಗಿ ಅಲ್ಲಿ ಒಲವಿಗಿಂತ ಲೆಕ್ಕಾಚಾರಕ್ಕೆ ಮದುವೆಯಾದವರೂ ಕಡಿಮೆಯಿಲ್ಲ. ಅದೇ ವರ್ಷದ ಕೊನೆಗೆ ಜಪಾನಿನ ‘ಫೈನಲ್ ಫ್ಯಾಂಟಸಿ 14’ ವಿವಾಹವಿಧಿಯನ್ನು ತಂದಿತು. ಗೇಮ್‌ನ ಹೊಣೆ ಹೊತ್ತ ನವೋಕಿ ಯೊಶಿದಾ, ಈ ಲೋಕದಲ್ಲಿ ಯಾರು ಯಾರಿಗೆ ಮಾತು ಕೊಡಬೇಕೆಂಬುದಕ್ಕೆ ನಿರ್ಬಂಧ ಏಕೆ ಬೇಕು ಎಂದು ಕೇಳಿಕೊಂಡು, ಲಿಂಗದ ಶರತ್ತನ್ನೇ ಕೈಬಿಟ್ಟರು. ಇಲ್ಲಿ ಬರಹಗಾರರ ಕಥೆಯಿಲ್ಲ, ಇಬ್ಬರು ಆಟಗಾರರು ಸೇರಿ ನಡೆಸುವ ಸಮಾರಂಭ ಮಾತ್ರ. ದನಿ ಮುದ್ರಣದ ಖರ್ಚೂ ಇಲ್ಲ. ‘ಗಿಲ್ಡ್ ವಾರ್ಸ್ 2’ ಇನ್ನೊಂದು ದಾರಿ ಹಿಡಿಯಿತು: ಮಾರ್ಜರಿ, ಕಾಸ್ಮಿಯರ್ ಎಂಬ ಇಬ್ಬರು ಹೆಂಗಸರ ಪ್ರೇಮವನ್ನು ಆಯ್ಕೆಯಾಗಿಡದೆ ಎಲ್ಲರೂ ನೋಡುವ ಮುಖ್ಯ ಕಥೆಯಲ್ಲೇ ಬೆಸೆಯಿತು.

ಭಾರತದ ಮಟ್ಟಿಗೆ ಈ ಇತಿಹಾಸದ ದೊಡ್ಡ ಘಟನೆ ಆನ್‌ಲೈನ್ ಲೋಕದ್ದಲ್ಲ. ಅದೇ ಬಯೋವೇರ್‌ನ ‘ಡ್ರ್ಯಾಗನ್ ಏಜ್: ಇನ್‌ಕ್ವಿಸಿಷನ್’ನದು. 2014ರ ನವೆಂಬರ್‌ನಲ್ಲಿ ಜಗತ್ತಿನೆಲ್ಲೆಡೆ ಬಿಡುಗಡೆಯಾಗಬೇಕಿದ್ದ ಈ ಗೇಮನ್ನು ಪ್ರಕಾಶಕ ಸಂಸ್ಥೆ ಎಲೆಕ್ಟ್ರಾನಿಕ್ ಆರ್ಟ್ಸ್ ಭಾರತದಲ್ಲಿ ಮಾತ್ರ ಹಿಂತೆಗೆದುಕೊಂಡಿತು. ಮುಂಗಡ ಕೊಟ್ಟವರಿಗೆ ಹಣ ಮರಳಿಸಿತು. ಸ್ಥಳೀಯ ಅಶ್ಲೀಲತಾ ಕಾನೂನಿನ ಉಲ್ಲಂಘನೆಯಾಗಬಾರದೆಂದು ಹೀಗೆ ಮಾಡಿದ್ದೇವೆ ಎಂಬುದಷ್ಟೇ ವಿವರಣೆ. ಯಾವ ದೃಶ್ಯ, ಯಾವ ಸಂಭಾಷಣೆ ಎಂದು ಹೇಳಲಿಲ್ಲ. ಗೇಮ್‌ನಲ್ಲಿ ನಗ್ನತೆಯ ದೃಶ್ಯಗಳೂ ಇದ್ದವು; ಆದರೆ ಪತ್ರಿಕೆಗಳೂ ಆಡುವವರೂ ಬೊಟ್ಟು ಮಾಡಿದ್ದು ಅದರ ಸಲಿಂಗ ಪ್ರೇಮದ ಕಡೆಗೆ. ಅದಕ್ಕೆ ಹಿನ್ನೆಲೆಯಿತ್ತು. ದೆಹಲಿ ಹೈಕೋರ್ಟ್ 2009ರಲ್ಲಿ ಸಡಿಲಿಸಿದ್ದ, ಸಲಿಂಗ ಕಾಮವನ್ನು ಅಪರಾಧವೆನ್ನುತ್ತಿದ್ದ ದಂಡಸಂಹಿತೆಯ 377ನೇ ಕಲಮನ್ನು ಸುಪ್ರೀಂ ಕೋರ್ಟ್ 2013ರ ಡಿಸೆಂಬರ್ 11ರಂದು ಮತ್ತೆ ಜಾರಿಗೆ ತಂದು ವರ್ಷವೂ ಆಗಿರಲಿಲ್ಲ.

ಕಾನೂನಿನ ಈ ಎರಡು ಎಳೆಗಳನ್ನು ಬಿಡಿಸಿ ನೋಡಬೇಕು. 377 ಶಿಕ್ಷಿಸುತ್ತಿದ್ದುದು ಕೃತ್ಯವನ್ನು, ಚಿತ್ರಣವನ್ನಲ್ಲ. ಅಶ್ಲೀಲ ಚಿತ್ರಣಕ್ಕೆ ಇದ್ದದ್ದು 292ನೇ ಕಲಮು. ಅದರಲ್ಲಿ ಗಂಡು ಹೆಣ್ಣು ಎಂಬ ಲೆಕ್ಕವಿರಲಿಲ್ಲ. ಸಿನಿಮಾಕ್ಕಿರುವಂಥ ಸೆನ್ಸಾರ್ ಮಂಡಳಿ ಭಾರತದಲ್ಲಿ ಗೇಮ್‌ಗಳಿಗೆ ಇರಲೂ ಇಲ್ಲ. ಹಾಗಾಗಿ ಸರ್ಕಾರ ನಿಷೇಧ ಹೇರಿತೆನ್ನುವುದು ತಪ್ಪು. ಕಂಪನಿ ತಾನೇ ಅಳುಕಿ ಬಾಗಿಲು ಹಾಕಿಕೊಂಡಿತು. ಆ ಡಿಸೆಂಬರ್‌ನಲ್ಲಿ ಅದೇ ಗೇಮ್ ‘ದ ಗೇಮ್ ಅವಾರ್ಡ್ಸ್’ನಲ್ಲಿ ವರ್ಷದ ಅತ್ಯುತ್ತಮ ಗೇಮ್ ಎನಿಸಿಕೊಂಡಿತು.

ಭಾರತದ ಅಂಗಡಿಗಳಿಗೆ ಬಾರದೆ ಹೋದ ಆ ಕಥೆಯೊಳಗೆ ಇದ್ದದ್ದೇನು ಎಂಬುದನ್ನು ತುಸು ಹತ್ತಿರದಿಂದ ನೋಡುವುದು ಒಳ್ಳೆಯದು. ಡೋರಿಯನ್ ಪಾವಸ್ ಅದರ ಒಬ್ಬ ಜೊತೆಗಾರ: ಟೆವಿಂಟರ್ ಸಾಮ್ರಾಜ್ಯದ ಶ್ರೀಮಂತ ಮನೆತನದ ಮಂತ್ರವಾದಿ, ಮಾತಿನ ಮಲ್ಲ, ಮೀಸೆ ತಿರುವುವ ಶೋಕಿಲಾಲ. ಗಂಡಸರನ್ನಷ್ಟೇ ಒಲಿಯುವವನು. ಕಥೆಯ ನಡುವೆ ಅವನ ಮನೆಯಿಂದ ಒಂದು ಕಾಗದ ಬರುತ್ತದೆ, ಮನೆಯ ಆಳೊಬ್ಬ ರೆಡ್‌ಕ್ಲಿಫ್ ಊರಿನ ಪಾನಗೃಹದಲ್ಲಿ ಅವನನ್ನು ಕಾಣಬೇಕಂತೆ. ಹೋಗಿ ನೋಡಿದರೆ ಅಲ್ಲಿ ಯಾರೂ ಇಲ್ಲ. ಮೆಟ್ಟಿಲಿಳಿದು ಬರುವವನು ತಂದೆ ಹಾಲ್‌ವರ್ಡ್. ಆಗ ಗುಟ್ಟು ಹೊರಬೀಳುತ್ತದೆ. ಮನೆತನಕ್ಕೆ ತಕ್ಕ ಹುಡುಗಿಯನ್ನು ಮದುವೆಯಾಗಿ ವಂಶ ಬೆಳೆಸಲು ಮಗ ಒಪ್ಪದಿದ್ದಾಗ, ರಕ್ತಮಂತ್ರದಿಂದ ಅವನ ಮನಸ್ಸನ್ನೇ ಬದಲಿಸಲು ತಂದೆ ಮುಂದಾಗಿದ್ದ. ಅಂಥ ಮಂತ್ರವನ್ನು ದುರ್ಬಲ ಮನಸ್ಸಿನವರ ಆಸರೆ ಎಂದು ಮಗನಿಗೆ ಕಲಿಸಿದವನೂ ಅವನೇ. ಆಟಗಾರ ಇಲ್ಲಿ ಅಪ್ಪ ಮಗನನ್ನು ಮಾತಾಡಲು ಬಿಡಬಹುದು, ಇಲ್ಲವೇ ಮಗನನ್ನು ಕರೆದುಕೊಂಡು ಹೊರಟುಬಿಡಬಹುದು. ಬಿಟ್ಟರೂ ಎಲ್ಲ ಸರಿಹೋಗುವುದಿಲ್ಲ. ಕ್ಷಮೆಗೂ ಮುನಿಸಿಗೂ ನಡುವೆ ಎಲ್ಲೋ ನಿಲ್ಲುವ ಸಂಭಾಷಣೆ ಅದು. ಡೋರಿಯನ್‌ನನ್ನು ಪ್ರೇಮಿಸಬೇಕಾದ್ದೂ ಇಲ್ಲ. ಯಾರು ಆಡಿದರೂ, ಅವನ ಗೆಳೆತನ ಗಳಿಸಿದರೆ, ಈ ಪ್ರಸಂಗ ಎದುರಾಗುತ್ತದೆ. ಬರೆದವರು ಗೇಡರ್.

ಮಾಂತ್ರಿಕ ಸಾಮ್ರಾಜ್ಯದ ಈ ಅಪ್ಪ ಭಾರತಕ್ಕೂ ಅಪರಿಚಿತನೇನಲ್ಲ. 2021ರಲ್ಲಿ ಮದ್ರಾಸ್ ಹೈಕೋರ್ಟ್ ಮುಂದೆ ಬಂದ ಪ್ರಕರಣದಲ್ಲಿ ಮಧುರೆಯ ಇಬ್ಬರು ಯುವತಿಯರು ಜೊತೆಯಾಗಿ ಬಾಳಲೆಂದು ಮನೆಬಿಟ್ಟು ಚೆನ್ನೈ ಸೇರಿದ್ದರು. ಮನೆಯವರು ಹುಡುಗಿಯರು ಕಾಣೆಯಾಗಿದ್ದಾರೆಂದು ಪೊಲೀಸರಿಗೆ ದೂರು ಕೊಟ್ಟರು. ರಕ್ಷಣೆ ಕೇಳಿ ಅವರು ನ್ಯಾಯಾಲಯದ ಮೊರೆಹೋದರು. ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್ ಈ ವಿಷಯ ತಮಗೇ ಸರಿಯಾಗಿ ತಿಳಿದಿಲ್ಲವೆಂದು ಆದೇಶದಲ್ಲೇ ಒಪ್ಪಿಕೊಂಡು, ತೀರ್ಪಿಗೆ ಮೊದಲು ಮನಶ್ಶಾಸ್ತ್ರಜ್ಞೆಯೊಬ್ಬರ ಬಳಿ ತಾವೇ ಕೂತು ಪಾಠ ಹೇಳಿಸಿಕೊಂಡರು. ಜೂನ್ 7ರ ಆದೇಶ ಪೊಲೀಸರ ಕಿರುಕುಳಕ್ಕೆ ತಡೆ ಹಾಕಿತು. ವೈದ್ಯದ ಹೆಸರಿನಲ್ಲಿ ಒಲವನ್ನು ‘ಸರಿಪಡಿಸುವ’ ಚಿಕಿತ್ಸೆಯನ್ನು ನಿಷೇಧಿಸಿತು. ಮರುವರ್ಷ ತಮಿಳುನಾಡು ಪೊಲೀಸರ ನಡತೆಯ ನಿಯಮಗಳಿಗೆ ತಿದ್ದುಪಡಿ ತಂದಿತು, ರಾಷ್ಟ್ರೀಯ ವೈದ್ಯಕೀಯ ಆಯೋಗವೂ ಇಂಥ ಚಿಕಿತ್ಸೆಯನ್ನು ವೃತ್ತಿದ್ರೋಹವೆಂದು ಸಾರಿತು.  377ನೇ ಕಲಮು ಪರಸ್ಪರ ಒಪ್ಪಿದ ವಯಸ್ಕರಿಗೆ ಅನ್ವಯಿಸದೆಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದೇ ಹೇಳಿಯಾಗಿತ್ತು. ಮದುವೆಯ ಹಕ್ಕು ಮಾತ್ರ 2023ರ ಅಕ್ಟೋಬರ್ 17ರ ತೀರ್ಪಿನಲ್ಲೂ ಸಿಗಲಿಲ್ಲ. ಮಾರಾ ದೇವಿಯ ಗುಡಿಯಲ್ಲಿ ಇರುವ ಅನುಕೂಲ ಭಾರತದ ನೋಂದಣಿ ಕಚೇರಿಯಲ್ಲಿ ಇಲ್ಲ.

ಸಲಿಂಗ ಪ್ರೇಮವಿರಬೇಕೇ ಎಂಬ ಜಗಳ ಗೇಮ್ ಲೋಕದಲ್ಲಿ ಬಹುಮಟ್ಟಿಗೆ ತಣ್ಣಗಾದ ಮೇಲೆ, ಅದನ್ನು ಹೇಗೆ ಬರೆಯಬೇಕೆಂಬ ಪ್ರಶ್ನೆ ಉಳಿದಿದೆ. ಒಂದು ಪಂಥ ಎಲ್ಲ ಜೊತೆಗಾರರನ್ನೂ ಎಲ್ಲರಿಗೂ ಮುಕ್ತವಾಗಿಡುತ್ತದೆ. 2016ರ ‘ಸ್ಟಾರ್‌ಡ್ಯೂ ವ್ಯಾಲಿ’ಯ ಹನ್ನೆರಡೂ ವಧೂವರರು, 2023ರ ‘ಬಾಲ್ಡರ್ಸ್ ಗೇಟ್ 3’ರ ಒಡನಾಡಿಗಳು ಹಾಗೆಯೇ. ಯಾರಿಗೂ ಬಾಗಿಲು ಮುಚ್ಚಿಲ್ಲ. ಆದರೆ ಪಾತ್ರಕ್ಕೆ ತನ್ನದೇ ಒಲವೆಂಬುದು ಇಲ್ಲವೇನೋ, ಎದುರಿಗಿದ್ದವರ ಇಷ್ಟವೇ ಅದರ ಇಷ್ಟವೇನೋ ಎನಿಸುವ ಅಪಾಯವಿದೆ. ಇನ್ನೊಂದು ಪಂಥ ಒಲವನ್ನು ಪಾತ್ರದ ಗುಣವೆಂದು ಗಟ್ಟಿಯಾಗಿ ಬರೆಯುತ್ತದೆ. 2020ರ ‘ಸೈಬರ್‌ಪಂಕ್ 2077’ರಲ್ಲಿ ಜೂಡಿ ಒಲಿಯುವುದು ಹೆಣ್ಣಿಗೆ ಮಾತ್ರ, ಗಂಡುಪಾತ್ರ ಎಷ್ಟೇ ನಯವಾಗಿ ಮಾತಾಡಲಿ, ಸಿಗುವುದು ಗೆಳೆತನ. ಡೋರಿಯನ್‌ನಂಥ ಕಥೆ ಹುಟ್ಟುವುದು ಎರಡನೆಯ ಬಗೆಯಲ್ಲೇ. ಅವನ ಒಲವು ಆಟಗಾರನ ಲಿಂಗಕ್ಕೆ ತಕ್ಕಂತೆ ಬದಲಾಗುವಂತಿದ್ದರೆ ತಂದೆಯ ರಕ್ತಮಂತ್ರಕ್ಕೆ ಅರ್ಥವೇ ಇರುತ್ತಿರಲಿಲ್ಲ. ಜೊತೆಗಾರರು ಬೆರಳೆಣಿಕೆಯಷ್ಟಿರುವ ಗೇಮ್‌ಗೆ ಮೊದಲ ದಾರಿ ನ್ಯಾಯವಾದದ್ದು. ದೊಡ್ಡ ಬಳಗವಿರುವ ಕಥೆಗೆ ಎರಡನೆಯದು ಹೆಚ್ಚು ಕೊಡುತ್ತದೆ.

ಕನ್ನಡ ಓದುಗರಿಗೆ ಇಂಥ ಪಾತ್ರ ಪುಸ್ತಕದಲ್ಲಿ ಸಿಕ್ಕಿ ಬಹಳ ವರ್ಷವಾಯಿತು: ವಸುಧೇಂದ್ರರ ‘ಮೋಹನಸ್ವಾಮಿ’ ಬಂದದ್ದು 2013ರಲ್ಲಿ, ಮೇಕೆಬ್ ಗ್ರಹದ ವಿಸ್ತರಣೆ ಬಂದ ವರ್ಷವೇ. ಗೇಮ್‌ಗಳಲ್ಲಿ ಮಾತ್ರ ಭಾಷೆಯ ಗೋಡೆ ಎತ್ತರವಾಗಿದೆ. ಬಾಲ್ಡರ್ಸ್ ಗೇಟ್ ಹತ್ತಕ್ಕೂ ಹೆಚ್ಚು ಭಾಷೆಗಳಲ್ಲಿದೆ. ಅವುಗಳಲ್ಲಿ ಕನ್ನಡವೂ ಇಲ್ಲ, ತಮಿಳೂ ಇಲ್ಲ. ತಮಿಳುನಾಡಿನ ಕಂಬಂ ಕಣಿವೆಯಲ್ಲಿ ಕನ್ನಡ ಮನೆಮಾತಾಗಿ, ತಮಿಳು ಶಾಲೆಯ ಮಾತಾಗಿ ಬೆಳೆದವರು ಡೋರಿಯನ್‌ನ ಜಗಳವನ್ನು ಮೂರನೆಯ ಭಾಷೆಯಲ್ಲೇ ಕೇಳಬೇಕು. ಸಂಭಾಷಣೆಯ ಮೇಲೆಯೇ ನಿಂತ ಗೇಮ್‌ಗೆ ಇದು ಸಣ್ಣ ಕೊರತೆಯಲ್ಲ. ಕೊಂಕು, ಸಲಿಗೆ, ಅರ್ಧಕ್ಕೇ ನಿಂತ ಮಾತು, ಇವೆಲ್ಲ ಅಲ್ಲಿ ಅಂಕಗಳಾಗಿ ಎಣಿಕೆಯಾಗುತ್ತವೆ.

ದಕ್ಷಿಣ ಏಷ್ಯಾದ ಮನೆಯ ಒಳಗನ್ನೇ ಕಥೆಯಾಗಿಸಿದ ಗೇಮೊಂದು 2023ರ ನವೆಂಬರ್‌ನಲ್ಲಿ ಬಂತು. ‘ಥರ್ಸ್ಟಿ ಸೂಟರ್ಸ್’ ಎಂಬ ಅದನ್ನು ಮಾಡಿದ ಔಟರ್‌ಲೂಪ್ ಸ್ಟುಡಿಯೋದ ಸಹಸ್ಥಾಪಕ ಚಂದನ ಏಕನಾಯಕೆ ಶ್ರೀಲಂಕಾ ಮೂಲದವರು. ಅಮೆರಿಕದ ಸಣ್ಣ ಊರಿಗೆ ವಾಪಸಾಗುವ ಜಲಾ ಅದರ ನಾಯಕಿ. ಅವಳು ಹಿಂದೆ ಪ್ರೀತಿಸಿ ಬಿಟ್ಟವರಲ್ಲಿ ಗಂಡಸರೂ ಇದ್ದಾರೆ, ಹೆಂಗಸರೂ ಇದ್ದಾರೆ. ಒಬ್ಬೊಬ್ಬರನ್ನೂ ಎದುರಿಸುವ ಕಾಳಗದಲ್ಲಿ ಚುಚ್ಚುಮಾತೂ ಒಂದು ಆಯುಧ. ನಡುನಡುವೆ ಅಡುಗೆಮನೆಯಲ್ಲಿ ಅಮ್ಮನ ಕಣ್ಗಾವಲಿನಲ್ಲಿ ಅಡುಗೆ ಮಾಡಬೇಕು. ಇಲ್ಲಿ ಆಟಗಾರ್ತಿ ಒಲವನ್ನು ಆರಿಸುವುದಿಲ್ಲ, ಅದು ಕಥೆ ಶುರುವಾಗುವ ಮೊದಲೇ ನಡೆದುಹೋಗಿದೆ. ಆರಿಸಬೇಕಾದ್ದು ಯಾರಿಗೆ ಯಾವ ಮಾತಿನಲ್ಲಿ ತಪ್ಪೊಪ್ಪಿಗೆ ಹೇಳಬೇಕು ಎಂಬುದನ್ನು.